ಎರಡು ಗಂಟೆಯ ಹ್ಯಾಂಡೋವರ್

ನನ್ನ ತಂಗಿಗೆ ಧ್ವನಿಯೇ ಇಲ್ಲವೆಂದು ಅವಳ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಆ ಆಫೀಸಿಗೆ ಗೋಡೆಯೇ ಇರಲಿಲ್ಲ. ಆರು ಜನ, ಆರು ಊರು, ಒಬ್ಬರ ಮುಖ ಒಬ್ಬರು ಕಂಡವರಲ್ಲ. ಔಷಧಿ ಸಾಗಿಸುವ ಲಾರಿಗಳನ್ನು ಮನೆಯಲ್ಲೇ ಕೂತು ಕಾಯುವುದು ಅವರ ಕೆಲಸ. ಯಾವ ಲಾರಿ ಎಲ್ಲಿದೆ, ಅದರೊಳಗೆ ತಂಪು ಎಷ್ಟಿದೆ, ಎಲ್ಲ ಕಂಪ್ಯೂಟರಿನಲ್ಲಿ ಕಾಣುತ್ತದೆ. ತಂಪು ತಪ್ಪಿದರೆ ಒಳಗಿನ ಇನ್ಸುಲಿನ್ ಚರಂಡಿಗೆ.

ಪಾಳಿ ಮುಗಿಸಿ ಏಳುವಾಗ ಮುಂದಿನವರಿಗೆ ಹ್ಯಾಂಡೋವರ್ ನೋಟು ಬರೆದಿಡಬೇಕು. ಅದರಲ್ಲಿ ನನ್ನ ತಂಗಿಯನ್ನು ಮೀರಿಸುವವರಿರಲಿಲ್ಲ, ಅಕ್ಕ ಅಂತ ಹೊಗಳುತ್ತಿಲ್ಲ. ಉಳಿದವರು ‘ಏಳನೇ ಲಾರಿ ಸ್ವಲ್ಪ ನೋಡ್ಕೊಳ್ಳಿ’ ಎಂದು ಗೀಚಿ ಎದ್ದುಹೋಗುತ್ತಿದ್ದರು. ಏನನ್ನು ನೋಡಿಕೊಳ್ಳುವುದು, ಅದರ ಅಂದವನ್ನೇ? ಇವಳು ಹಾಗಲ್ಲ. ಯಾವ ಬಾಗಿಲಿನ ಕೊಂಡಿ ಸಡಿಲ, ಯಾವ ಡ್ರೈವರ್ ಊಟಕ್ಕೆ ನಿಂತಾಗ ಇಂಜಿನ್ ಆರಿಸಿಬಿಡುತ್ತಾನೆ, ಯಾರಿಗೆ ಎಷ್ಟು ಹೊತ್ತಿಗೆ ನೆನಪಿಸಬೇಕು, ಎಲ್ಲ ಬರೆಯುತ್ತಿದ್ದಳು. ಮಧ್ಯಾಹ್ನ ಎರಡಕ್ಕೆ ಅವಳಿಂದ ಪಾಳಿ ಹಿಡಿಯುತ್ತಿದ್ದವರನ್ನು ನಾವು ಮನೆಯಲ್ಲಿ ಎರಡು ಗಂಟೆಯಣ್ಣ ಎನ್ನುತ್ತಿದ್ದೆವು. ‘ನಿನ್ನ ನೋಟು ಓದಿದ್ಮೇಲೆ ಕೇಳೋಕೆ ಏನೂ ಉಳಿಯಲ್ಲ ತಂಗಿ’ ಎಂದು ಅವರೊಮ್ಮೆ ಬರೆದದ್ದನ್ನು ಅವಳು ನನಗೆ ನಾಲ್ಕು ಸಲ ತೋರಿಸಿದ್ದಳು.

ಹಾಳು ಗಡ್ಡೆ ಅವಳ ಗಂಟಲಿಗೇ ಬರಬೇಕೇ? ಧ್ವನಿಪೆಟ್ಟಿಗೆ ತೆಗೆದರು. ಹುಷಾರಿಲ್ಲವೆಂದು ಎರಡು ತಿಂಗಳು ರಜೆ ಹಾಕಿ, ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಮತ್ತೆ ಕಂಪ್ಯೂಟರ್ ಮುಂದೆ ಕೂತಳು. ಯಾರಿಗೂ ಏನೂ ತಿಳಿಯಲಿಲ್ಲ, ಅಲ್ಲಿ ಎಲ್ಲ ನಡೆಯುತ್ತಿದ್ದುದು ಬರಹದಲ್ಲೇ. ಅಂಗಡಿಯವನ ಮುಂದೆ ಕೈಸನ್ನೆ ಮಾಡಿ ನಗೆಪಾಟಲಾಗುತ್ತಿದ್ದವಳು, ನೆಂಟರು ಬಂದರೆ ಅಡುಗೆಮನೆ ಸೇರಿಕೊಳ್ಳುತ್ತಿದ್ದವಳು, ಆ ಆರು ಜನರ ನಡುವೆ ಮಾತ್ರ ಮೊದಲಿನ ಹಾಗೇ ಇದ್ದಳು. ಆ ಕೆಲಸ ಹೋದರೆ ಅವಳ ಮಾತನ್ನು ಕೇಳುವವರು ಭೂಮಿಯ ಮೇಲೆ ನಾನೊಬ್ಬಳೇ.

ಆಗ ಹೊಸ ಮೇಲಧಿಕಾರಿ ಬಂದ. ಮಾತಿಗೊಮ್ಮೆ ನಗುತ್ತಿದ್ದುದರಿಂದ ಅವನಿಗೆ ನಗುಮುಖ ಎಂದು ಹೆಸರಿಟ್ಟೆವು. ಬಂದವನೇ, “ಬರೆದೂ ಬರೆದೂ ನಾವು ಮನುಷ್ಯರು ಅನ್ನೋದೇ ಮರೆತುಹೋಗಿದೆ. ಇನ್ಮೇಲೆ ದಿನಾ ಒಂದು ಗಂಟೆಗೆ ಎಲ್ಲರೂ ಕಾಲ್‌ಗೆ ಬರ್ಬೇಕು, ಬಾಯ್ಬಿಟ್ಟು ಮಾತಾಡ್ಬೇಕು” ಎಂದ. ತಂಗಿ ಎರಡು ದಿನ ಅನ್ನ ಮುಟ್ಟಲಿಲ್ಲ.

“ನಿಜ ಹೇಳ್ಬಿಡೇ” ಎಂದೆ.

‘ಹೇಳಿದ್ರೆ ತೆಗೀತಾರೆ’ ಎಂದು ಬರೆದು ತೋರಿಸಿದಳು.

ನಾನು ಟೈಲರ್. ಅವಳ ಕಂಪ್ಯೂಟರ್ ಇರುವ ಕೋಣೆಯಲ್ಲೇ ನನ್ನ ಹೊಲಿಗೆ ಯಂತ್ರ. ಅವಳ ಮುಖ ನೋಡಲಾಗದೆ, “ನೀನು ಟೈಪ್ ಮಾಡು, ನಾನು ಓದ್ತೀನಿ. ನನ್ನ ಬಾಯಿ ಹೇಗೂ ಸುಮ್ನೆ ಇರಲ್ವಲ್ಲ” ಎಂದೆ. ಕ್ಯಾಮೆರಾ ಕೆಟ್ಟಿದೆ ಎಂದೆವು. ಮೊದಲ ದಿನ ತಡವರಿಸುತ್ತ ಓದಿದೆ. ಒಂದು ವಾರಕ್ಕೆ ರೂಢಿಯಾಯಿತು. ಎರಡು ಗಂಟೆಯಣ್ಣ, “ನಿನ್ನ ದನಿ ಇಷ್ಟು ಜೋರು ಅಂತ ಗೊತ್ತೇ ಇರ್ಲಿಲ್ಲ ಮಾರಾಯ್ತಿ” ಎಂದು ನಕ್ಕರು. ನಾನೂ ನಕ್ಕೆ. ತಂಗಿ ನಗಲಿಲ್ಲ.

ಹತ್ತು ತಿಂಗಳು ಹೀಗೇ ದೂಡಿದೆವು. ಅಷ್ಟರಲ್ಲಿ ಅಲ್ಲಿ ಯಾರೂ ಬರೆದದ್ದನ್ನು ಓದುತ್ತಿರಲಿಲ್ಲ. ಹೇಗೂ ಕಾಲ್‌ನಲ್ಲಿ ಹೇಳುತ್ತಾರಲ್ಲ ಎಂಬ ಸಸಾರ.

ಮೊನ್ನೆ ಸೋಮವಾರ ಕಾಲ್ ನಡೆಯುತ್ತಿದ್ದಾಗ ಹನ್ನೊಂದನೇ ಲಾರಿಯೊಳಗೆ ಬಿಸಿ ಏರುತ್ತಿರುವುದು ಕಂಡಿತು. ವಾಪಸ್ ಕರೆಸಬೇಕಾದರೆ ನಗುಮುಖನ ಒಪ್ಪಿಗೆ ಬೇಕು. “ಏನ್ಮಾಡೋಣ, ಕರೆಸೋಣ್ವಾ, ಮುಂದೆ ಬಿಡೋಣ್ವಾ?” ಎಂದು ತಂಗಿಯನ್ನು ಕೇಳಿದ. ತಂಗಿ ಹಿಂದಿನ ಅಂಕಿಗಳನ್ನು ಹುಡುಕುತ್ತಿದ್ದಳು, ಇನ್ನೂ ಒಂದಕ್ಷರ ಟೈಪ್ ಮಾಡಿರಲಿಲ್ಲ. “ಹಲೋ, ಇದ್ದೀರಾ? ಬೇಗ ಹೇಳಿ” ಎಂದ. ಇನ್ನು ಸುಮ್ಮನಿದ್ದರೆ ಸಿಕ್ಕಿಬೀಳುತ್ತೇವೆ ಎನ್ನಿಸಿತು.

“ಹೋಗ್ಲಿ ಸರ್, ಏನೂ ತೊಂದ್ರೆ ಇಲ್ಲ” ಎಂದುಬಿಟ್ಟೆ.

ಹತ್ತು ತಿಂಗಳಲ್ಲಿ ಅವಳು ಬರೆಯದ ಮಾತೊಂದನ್ನು ನಾನು ಆಡಿದ್ದು ಅದೇ ಮೊದಲು. ತಂಗಿ ನನ್ನ ತೋಳನ್ನು ಉಗುರು ನಾಟುವಂತೆ ಹಿಡಿದಳು. ನಗುಮುಖ “ಸರಿ, ಮುಗೀತು” ಎಂದು ಕಾಲ್ ಕಡಿದಿದ್ದ. ‘ಈಗಲೇ ವಾಪಸ್ ಕರೆಸಿ’ ಎಂದು ಅವಳು ಗುಂಪಿಗೆ ಬರೆದಳು, ನಗುಮುಖನಿಗೆ ಬರೆದಳು, ಮತ್ತೆ ಮತ್ತೆ ಬರೆದಳು. ಫೋನ್ ಮಾಡಿ ಹೇಳಲು ನಗುಮುಖನ ನಂಬರ್ ನಮ್ಮಲ್ಲಿರಲಿಲ್ಲ. ಆ ಸಾಲುಗಳನ್ನು ಅವರು ತೆರೆದು ಓದುವಷ್ಟರಲ್ಲಿ ಮೂರು ಗಂಟೆ. ಲಾರಿಯ ಅಷ್ಟೂ ಇನ್ಸುಲಿನ್ ಹಾಳಾಗಿತ್ತು. ಆಸ್ಪತ್ರೆಯವರು ಬೇರೆ ಕಡೆಯಿಂದ ತರಿಸಿಕೊಂಡರು, ಯಾರ ಜೀವಕ್ಕೂ ಸಂಚಕಾರ ಬರಲಿಲ್ಲ, ಸದ್ಯ.

ಮರುದಿನ ಒಂದು ಗಂಟೆಗೆ ನಗುಮುಖ ಹಿಂದಿನ ದಿನದ ಕಾಲ್‌ನ ರೆಕಾರ್ಡಿಂಗ್ ಹಾಕಿ ನನ್ನ ದನಿಯನ್ನು ನಮಗೇ ಕೇಳಿಸಿದ. “ಬಾಯಲ್ಲಿ ಹೋಗ್ಲಿ ಅಂತೀರಿ, ಬರೆಯೋವಾಗ ಕರೆಸಿ ಅಂತೀರಿ. ಇದರಲ್ಲಿ ನಿಮ್ಮ ಮಾತು ಯಾವುದ್ರೀ?” ಎಂದ. ತಂಗಿ ‘ತಪ್ಪು ನನ್ನದೇ’ ಎಂದು ಟೈಪ್ ಮಾಡಿ, ಓದು ಎಂದು ನನ್ನತ್ತ ನೋಡಿದಳು.

ನಾನು ಓದಲಿಲ್ಲ. “ಬರೆದದ್ದು ನನ್ನ ತಂಗಿ ಸರ್. ಮಾತಾಡಿದ್ದು ನಾನು, ಅವಳಕ್ಕ. ಅವಳಿಗೆ ಮಾತು ಬರಲ್ಲ, ಆಪರೇಷನ್ ಆಗಿದೆ. ತಪ್ಪೆಲ್ಲ ನನ್ನದು, ನಿಮ್ಮ ಕಾಲಿಗೆ ಬೀಳ್ತೀನಿ” ಎಂದೆ. ಅಳು ಒತ್ತರಿಸಿ ಬಂತು. ನಗುಮುಖ ಅಂದು ನಗಲಿಲ್ಲ. “ಹೊರಗಿನವರು ಹತ್ತು ತಿಂಗಳು ಕಾಲ್‌ನಲ್ಲಿ ಕೂತಿದ್ರಾ? ಇದು ನನ್ನ ಕೈ ಮೀರಿದ್ದಮ್ಮ. ಮೇಲಿನವರಿಗೆ ಹೇಳ್ಲೇಬೇಕು” ಎಂದು ಎದ್ದುಹೋದ.

ನಾನು ಎದೆ ಬಡಿದುಕೊಂಡು ಅಳುತ್ತಿದ್ದರೆ ಅವಳು ಹ್ಯಾಂಡೋವರ್ ನೋಟು ಬರೆಯುತ್ತಿದ್ದಳು. ಎರಡು ಗಂಟೆಗೆ ಹತ್ತು ನಿಮಿಷವಿತ್ತು. ಅರ್ಧ ಬರೆಯುವಷ್ಟರಲ್ಲಿ ಎಲ್ಲ ಮಾಯವಾಗಿ ಪಾಸ್‌ವರ್ಡ್ ಕೇಳಿತು. ಹಾಕಿದಳು, ತಗೊಳ್ಳಲಿಲ್ಲ. ಮತ್ತೆ ಹಾಕಿದಳು. ಅವಳನ್ನು ತೆಗೆದುಹಾಕಿದ್ದರು. ನಾಲ್ಕನೇ ಲಾರಿ ಇನ್ನೂ ದಾರಿಯಲ್ಲಿತ್ತು.

ನಾನು ಬಟ್ಟೆಯ ಅಳತೆ ಗುರುತು ಹಾಕುವ ಕಂದು ಕಾಗದವನ್ನು ಅವಳು ಎಳೆದುಕೊಂಡು ಪೆನ್ಸಿಲಿನಲ್ಲಿ ಬರೆಯತೊಡಗಿದಳು. “ಎರಡು ಗಂಟೆಯಣ್ಣನ ನಂಬರ್ ಕೊಡು, ಫೋನ್ ಮಾಡಿ ಹೇಳ್ತೀನಿ” ಎಂದೆ. ಇಲ್ಲವೆಂದು ತಲೆಯಾಡಿಸಿದಳು. ಮೂರು ವರ್ಷ ದಿನಾ ಲಾರಿ ಕೈ ಬದಲಾಯಿಸಿದವರು, ಒಬ್ಬರ ನಂಬರ್ ಒಬ್ಬರಲ್ಲಿಲ್ಲ! ಅವರ ಊರು ಯಾವುದೆಂದೂ ಗೊತ್ತಿಲ್ಲ! ಡ್ರೈವರುಗಳಿಗೆ ಸಂದೇಶ ಹೋಗುತ್ತಿದ್ದುದೂ ಆ ಕಂಪ್ಯೂಟರಿನಿಂದಲೇ. ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದೆ. ಅಲ್ಲಿದ್ದ ಹುಡುಗಿ ಉದ್ಯೋಗಿ ಸಂಖ್ಯೆ ಕೇಳಿದಳು, ಹೇಳಿದೆ. “ಆ ಸಂಖ್ಯೆ ಚಾಲ್ತಿಯಲ್ಲಿಲ್ಲ ಮೇಡಂ” ಎಂದು ಇಟ್ಟುಬಿಟ್ಟಳು.

ಸರಿಯಾಗಿ ಎರಡಕ್ಕೆ ತಂಗಿ ಕಾಗದವನ್ನು ನನ್ನ ಕೈಗಿಟ್ಟು, ಓದು ಎಂದು ಸನ್ನೆ ಮಾಡಿದಳು.

“ಯಾರಿಗೆ ಓದ್ಲೇ?”

ಕಂಪ್ಯೂಟರ್ ತೋರಿಸಿ ಕೈ ಮುಗಿದಳು. ಅಲ್ಲಿ ಪಾಸ್‌ವರ್ಡಿನ ಖಾಲಿ ಚೌಕವೊಂದೇ ಇತ್ತು. ಅದರ ಮುಂದೆ ಕೂತು ನಾನು ಜೋರಾಗಿ ಓದಿದೆ: “ನಾಲ್ಕನೇ ಲಾರಿ. ಮಣ್ಣುರಸ್ತೆಯಲ್ಲಿ ತಂಪಿನ ಯಂತ್ರದ ವೈರ್ ಕಳಚುತ್ತದೆ. ಮೂರೂವರೆಗೆ ಡ್ರೈವರಿಗೆ ನೆನಪಿಸಿ. ಹೊಸಬ, ಹೆದರಿದ್ದಾನೆ, ಗದರಬೇಡಿ.” ಅಳುವಿನಲ್ಲಿ ನಾನೊಂದು ಸಾಲನ್ನು ನುಂಗಿದೆ. ಅವಳು ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿಸಿದಳು.