ಮಾವನವರು ಕಾಲುವೆ ಕೇಳಿದ ದಿನ
ಹೋದ ವರ್ಷ ನಮ್ಮ ಮಾವನವರಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತಿತು. ಯಾದಗಿರಿಯ ಆಸ್ಪತ್ರೆಯಲ್ಲಿ ಆರು ದಿನ ಬರೀ ಕಣ್ಣು ಮಿಟುಕಿಸುತ್ತ ಮಲಗಿದ್ದರು. ಏಳನೆಯ ದಿನ ಬೆಳಿಗ್ಗೆ ನಾನು ಅತ್ತೆಗೆ ಚಹಾ ತೆಗೆದುಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ನರ್ಸ್ ಎದುರಿಗೆ ಬಂದಳು.

"ಅಕ್ಕಾರ, ನಿಮ್ಮ ಮಾವಾರು ಏನೇನೋ ಬಡಬಡಸಾಕತ್ಯಾರ್ರಿ. ಕಾಲುವಿ ಬಿಡು ಅಂತಾರ. ಇಲ್ಲಿ ಯಾವ ಕಾಲುವೀನೂ ಇಲ್ರಿ ಅಂದ್ರ ಸಿಟ್ಟಿಗೇಳ್ತಾರ."

ಚಹಾವನ್ನು ಮೆಟ್ಟಿಲ ಮೇಲೆಯೇ ಇಟ್ಟುಬಿಟ್ಟೆ. ಮಾತು ಬಂದಿದೆ! ಮಾತಷ್ಟೇ ಅಲ್ಲ, ಅವರ ತಮಾಷೆಯೂ ಬಂದಿದೆ!

ಮಾವನವರು ನಾರಾಯಣಪುರದ ಕಾಲುವೆಯ ಮೇಲೆ ಗೇಟು ಎತ್ತಿ ಇಳಿಸುವ ನೌಕರಿ ಮಾಡಿದವರು. ನೀರು ಕೊಡು ಎಂದು ನೆಟ್ಟಗೆ ಕೇಳಿದವರೇ ಅಲ್ಲ. ನಾನು ಸೊಸೆಯಾಗಿ ಕಕ್ಕೇರಾಕ್ಕೆ ಬಂದ ಮೊದಲ ವಾರ, ಬಿಸಿಲಲ್ಲಿ ಬಂದು ಕಟ್ಟೆಯ ಮೇಲೆ ಕುಳಿತು "ಯವ್ವಾ, ಕಾಲುವಿ ಬಿಡು" ಎಂದಿದ್ದರು. ನಾನು ಹಿತ್ತಲಿಗೆ ಓಡಿ ಗಿಡಗಳಿಗೆ ನಲ್ಲಿ ಬಿಟ್ಟು ಬಂದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಉಣ್ಣುವಾಗ ಬಿಕ್ಕಿದರೆ "ಕಡೀ ಹೊಲಕ್ಕ ನೀರು ಮುಟ್ಟಿಲ್ಲವಾ" ಎನ್ನುತ್ತಿದ್ದರು. ತಂಬಿಗೆ ಪೂರ್ತಿ ತುಂಬಿರದಿದ್ದರೆ "ಈ ಸಲ ಡ್ಯಾಮು ತುಂಬಿಲ್ಲೇನು?" ಅವರ ತಂದೆಯ ಕಾಲದ ಮಾತೊಂದೂ ಇತ್ತು: ನೀರೆಂದರೆ ಬಾವಿ ಮಜ್ಜಿಗಿ.

ವಾರ್ಡಿಗೆ ಓಡಿದೆ. ಡಾಕ್ಟರು ಪಕ್ಕದ ಮಂಚದ ಬಳಿ ಇದ್ದರು.

"ಸರ್, ನಮ್ಮ ಮಾವಾರು ನೀರು ಕೇಳಾಕತ್ಯಾರ್ರಿ! ಬಡಬಡಿಕಿ ಅಲ್ರಿ ಅದು!"

ಅವರು ಬಂದು ಮಾವನವರನ್ನು ಒರಗಿಸಿ ಕೂಡ್ರಿಸಿ, ಒಂದು ಚಮಚ ನೀರನ್ನು ಮೆಲ್ಲಗೆ ಬಾಯಿಗೆ ಬಿಟ್ಟರು. ನುಂಗಲು ಬರುತ್ತದೋ ಇಲ್ಲವೋ ಎಂದು ಎಲ್ಲರೂ ಗಂಟಲನ್ನೇ ನೋಡುತ್ತಿದ್ದೆವು. ನುಂಗಿದರು! ಕೆಮ್ಮು ಬರಲಿಲ್ಲ. ಇನ್ನೊಂದು ಚಮಚವೂ ಇಳಿಯಿತು. ಮಾವನವರು ಡಾಕ್ಟರನ್ನು ಕೆಕ್ಕರಿಸಿ ನೋಡಿ, ಸೊಟ್ಟಗಾದ ಬಾಯಲ್ಲಿ ಒಂದೊಂದೇ ಮಾತು ಕೂಡಿಸಿದರು.

"ಚಮಚಾದಾಗ... ಬಿಟ್ರ... ಯಾ ಹೊಲ... ತೊಯ್ತದ್ರಿ?"

ಡಾಕ್ಟರು ಜೋರಾಗಿ ನಕ್ಕರು. ಆರು ದಿನ ಒಂದು ಹನಿ ಕಣ್ಣೀರು ಹಾಕದಿದ್ದ ಅತ್ತೆ ಗಳಗಳನೆ ಅತ್ತು, ಮರುಕ್ಷಣವೇ ಬೈದರು: "ದವಾಖಾನ್ಯಾಗರ ನೆಟ್ಟಗ ಮಾತಾಡ್ರಿ!"

ನನ್ನ ಗಂಡ ಬಟ್ಟೆಬರೆ ತರಲು ಊರಿಗೆ ಹೋಗಿ, ಬಸ್ಸಿನಲ್ಲಿ ವಾಪಸು ಬರುತ್ತಿದ್ದರು. ಫೋನು ಹಚ್ಚಿ ಸ್ಪೀಕರ್ ಹಾಕಿದೆ. ಫೋನನ್ನು ಮಾವನವರ ಬಾಯಿಗೆ ಹಿಡಿದೆ.

"ಎಲ್ಲಿ... ಅದೀಯೋ?" ಎಂದರು.

ಬಸ್ಸು ಆಗ ಶಹಾಪುರದಲ್ಲಿ ನಿಂತಿತ್ತಂತೆ. "ನಮ್ಮಪ್ಪ ಮಾತಾಡಾಕತ್ಯಾನ!" ಎಂದು ಗಂಡ ಕೂಗಿದ್ದು ಫೋನಿನಲ್ಲಿ ನಮಗೆಲ್ಲ ಕೇಳಿಸಿತು. ಆಮೇಲೆ ಗೊತ್ತಿಲ್ಲದ ಜನರ ಚಪ್ಪಾಳೆಯೂ ಕೇಳಿಸಿತು.