ಐದು ಡ್ರಮ್ಮಿನ ಕಲಗಚ್ಚು

ಕೊರೊನಾದ ಗಲಾಟೆ ಮುಗಿದು ಎರಡನೆಯ ವರ್ಷ. ನಾನಾಗ ತಮಿಳುನಾಡಿನ ಹೊಸೂರು ಸೀಮೆಯಲ್ಲಿ, ಉದ್ದನಪಲ್ಲಿ ಕಡೆಯ ಒಂದು ಹಳ್ಳಿಯ ಸರ್ಕಾರಿ ಪಶು ಡಿಸ್ಪೆನ್ಸರಿಯಲ್ಲಿ ವೆಟರಿನರಿ ಅಸಿಸ್ಟೆಂಟ್ ಸರ್ಜನ್ ಆಗಿದ್ದೆ. ನಿವೃತ್ತಿಗೆ ಇನ್ನು ಮೂರು ವರ್ಷ ಬಾಕಿಯಿತ್ತು. ನಾನು ಹುಟ್ಟಿದ್ದು ಗುಮ್ಮಳಾಪುರದಲ್ಲಿ. ಮನೆಯಲ್ಲಿ ಕನ್ನಡ, ರಿಜಿಸ್ಟರಿನಲ್ಲಿ ತಮಿಳು, ಹಸು ಹಿಡಿದುಕೊಂಡು ಬರುವವರ ಜೊತೆ ಅರ್ಧ ತೆಲುಗು. ಮೂರು ಭಾಷೆಯಲ್ಲೂ ನನ್ನ ಬಾಯಿ ಜೋರು ಎಂದು ಹೆಸರಿತ್ತು. ತಡಮಾಡಿ ಹಸು ತಂದವರನ್ನು ಬೈಯದೆ ಕಳಿಸಿದ್ದೇ ಇಲ್ಲ. ಬೈಸಿಕೊಳ್ಳಬೇಕಾದವಳು ನಾನೇ ಆಗಿದ್ದ ಒಂದು ಕೇಸನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ವರ್ಷ ನಮ್ಮ ಗುಡ್ಡದ ಬುಡದಲ್ಲಿ ಒಂದು ರೆಸಾರ್ಟ್ ತೆರೆಯಿತು. ಬೆಂಗಳೂರಿನಿಂದ ಬೆಳಿಗ್ಗೆ ಕಾರು ಹತ್ತಿದವರು ತಿಂಡಿಯ ಹೊತ್ತಿಗೆ ಬಂದು ಇಳಿಯುತ್ತಿದ್ದರು. ಮಣ್ಣಿನ ಗೋಡೆಯ ಮನೆಗಳು, ಸೋಲಾರ್ ದೀಪ, ಪ್ಲಾಸ್ಟಿಕ್ ಬಾಟಲಿಯ ಬದಲು ಹೂಜಿ, ಸ್ನಾನದ ನೀರೆಲ್ಲ ಬಾಳೆಗಿಡಕ್ಕೆ. ಸುಳ್ಳು ಹೇಳಬಾರದು, ಮಾಡಿದ್ದನ್ನು ಚೆನ್ನಾಗಿಯೇ ಮಾಡಿದ್ದರು. ಪರಿಸರಸ್ನೇಹಿ ರೆಸಾರ್ಟ್ ಎಂಬ ಸರ್ಟಿಫಿಕೇಟಿಗೆ ಅರ್ಜಿ ಹಾಕಿದ್ದರು. ಅದಕ್ಕೆ ಅಡುಗೆಮನೆಯಲ್ಲಿ ಉಳಿದದ್ದು ಎಲ್ಲಿಗೆ ಹೋಗುತ್ತದೆ ಎಂದು ಕಾಗದದಲ್ಲಿ ತೋರಿಸಬೇಕಿತ್ತಂತೆ. ಮ್ಯಾನೇಜರ್ ಸೆಲ್ವಂ ಎಂಬ ಮರ್ಯಾದಸ್ಥ ಹುಡುಗ ಆ ಕಾಗದಕ್ಕಾಗಿ ನನ್ನ ಹತ್ತಿರ ಬಂದ.

ನಾನು ಅವನನ್ನು ಕೂರಿಸಿ ಟೀ ಕುಡಿಸಿ ಕಲಗಚ್ಚಿನ ಬಗ್ಗೆ ಪಾಠ ಮಾಡಿದೆ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ತಟ್ಟೆಯಲ್ಲಿ ಮಿಕ್ಕ ಎರಡು ತುತ್ತು ಅನ್ನ, ಇಷ್ಟನ್ನೂ ಹಿತ್ತಲ ಬಾನಿಗೆ ಸುರಿದರೆ ಅದೇ ಕಲಗಚ್ಚು. ನಮ್ಮಮ್ಮ ಜೀವಮಾನವಿಡೀ ಸುರಿದಿದ್ದಾಳೆ, ನಮ್ಮ ಹಸುಗಳು ಕುಡಿದು ಗುಂಡುಗುಂಡಾಗಿದ್ದವು. "ನೀವು ಇವತ್ತು ಪರಿಸರ ಪರಿಸರ ಅಂತ ಕಲಿಯೋದನ್ನ ನಮ್ಮೋರು ಯಾವತ್ತೋ ಮಾಡಿಟ್ಟವ್ರೆ ಕಣಪ್ಪ" ಎಂದು ಜಂಬ ಕೊಚ್ಚಿಕೊಂಡೆ. ಆಮೇಲೆ ಲೆಟರ್‌ಹೆಡ್ ತೆಗೆದು, ಅಡುಗೆಮನೆಯ ಸಸ್ಯಾಹಾರಿ ಉಳಿಕೆಯನ್ನು ದನಗಳಿಗೆ ಆಹಾರವಾಗಿ ಕೊಡಬಹುದು ಎಂದು ಒಂದೇ ಸಾಲು ಬರೆದು ಸಹಿ ಮಾಡಿ ಸೀಲು ಒತ್ತಿದೆ. ಐದು ನಿಮಿಷದ ಕೆಲಸ. ಎಷ್ಟು ಕೊಡಬಹುದು ಎಂದು ಬರೆಯಲಿಲ್ಲ. ಮನೆಯ ಕಲಗಚ್ಚಿಗೆ ಯಾರೂ ಅಳತೆ ಹೇಳುವುದಿಲ್ಲವಲ್ಲ.

ರೆಸಾರ್ಟಿನ ಬೇಲಿಗೆ ಹೊಂದಿಕೊಂಡಂತೆ ಮುನಿರತ್ನಮ್ಮನ ಕೊಟ್ಟಿಗೆ. ಅವಳು ಎಂಟು ವರ್ಷ ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ನಿಂತುಕೊಂಡೇ ಕೆಲಸ ಮಾಡಿ, ಕಾಲಿನ ನರ ಊದಿಸಿಕೊಂಡು, ಸಾಕೆಂದು ಬಿಟ್ಟು ಬಂದು ಎರಡು ಸೀಮೆಹಸು ಕಟ್ಟಿದ್ದಳು. ಗಂಡ ವೆಂಕಟೇಶ ಮತ್ತಿಗಿರಿ ಹತ್ತಿರದ ಇನ್ನೊಂದು ಫ್ಯಾಕ್ಟರಿಗೆ ಶಿಫ್ಟಿಗೆ ಹೋಗುತ್ತಿದ್ದ. ಅವನು ಅವಳಿಗೆ ಒಂದು ವರ್ಷದ ಗಡುವು ಕೊಟ್ಟಿದ್ದ. ಹಸುವಿನಿಂದ ಸಂಸಾರ ತೂಗದಿದ್ದರೆ ಅವಳು ಮತ್ತೆ ಫ್ಯಾಕ್ಟರಿ ಬಸ್ಸು ಹತ್ತಬೇಕು. ನನ್ನ ಮುಂದೆಯೇ ಆಡಿದ ಮಾತು ಅದು. "ಆ ಬಸ್ಸಿಗೆ ಹತ್ತಾಕಿಂತ ಹಸು ಗೊಬ್ಬರ ಬಾಚ್ಕೊಂಡು ಸಾಯ್ತೀನಿ ಡಾಕ್ಟ್ರಮ್ಮ" ಎಂದು ಅವಳು ನಕ್ಕಿದ್ದಳು. ಕರೆಯುವ ಹಸುವಿನ ಹೆಸರು ಚುಕ್ಕಿ. ಇನ್ನೊಂದು ಕೆಂಚಿ, ಆಗಿನ್ನೂ ಒಂದು ತಿಂಗಳ ಗಬ್ಬ.

ದಿನಾ ಬೆಳಿಗ್ಗೆ ರೆಸಾರ್ಟಿನಿಂದ ಇಪ್ಪತ್ತೈದು ಲೀಟರಿನ ಒಂದು ಡ್ರಮ್ಮು ಬರುತ್ತಿತ್ತು. ಕ್ಯಾರೆಟ್ ಸಿಪ್ಪೆ, ಕೋಸಿನ ಎಲೆ, ಕಲ್ಲಂಗಡಿ ಸಿಪ್ಪೆ, ತಳದಲ್ಲಿ ಒಂದಿಷ್ಟು ಅನ್ನ. ಏಳು ತಿಂಗಳು ಏನೂ ತೊಂದರೆಯಾಗಲಿಲ್ಲ. ಚುಕ್ಕಿಯ ಹಾಲು ಏರಿತು. ನಾನು ಆ ದಾರಿಯಲ್ಲಿ ಹೋದಾಗಲೆಲ್ಲ ಮುನಿರತ್ನಮ್ಮ ಬೆಣ್ಣೆಯೋ ಮಜ್ಜಿಗೆಯೋ ಕೊಟ್ಟು ಕಳಿಸುವಳು. ನನಗೂ ಒಳಗೊಳಗೆ ಹಿಗ್ಗು.

ಜನವರಿ ಬಂತು. ಪೊಂಗಲ್ಲಿಗೆ ಸಾಲು ರಜೆ. ಇಲ್ಲಿ ಹಬ್ಬದ ಮಾರನೆಯ ದಿನ ದನಗಳ ಹಬ್ಬ, ಮಾಟ್ಟು ಪೊಂಗಲ್. ಹಸು ತೊಳೆದು, ಕೊಂಬಿಗೆ ಬಣ್ಣ ಬಳಿದು, ಪೊಂಗಲ್ ತಿನ್ನಿಸುತ್ತಾರೆ. ಪ್ರತಿವರ್ಷ ಆ ವಾರ ನಾನು ಡಿಸ್ಪೆನ್ಸರಿಯಲ್ಲಿ ಕೂತು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದೆ: ಒಂದು ಉಂಡೆ ಸಾಕು, ಎರಡನೆಯದನ್ನು ನೀವೇ ತಿನ್ನಿ. ಯಾಕೆಂದರೆ ಹಸುವಿನ ದೊಡ್ಡ ಹೊಟ್ಟೆ ಹುಲ್ಲು ಅರಗಿಸಲೆಂದು ಇರುವುದು. ಅಲ್ಲಿನ ಕಣ್ಣಿಗೆ ಕಾಣದ ಜೀವಿಗಳು ಹುಲ್ಲನ್ನು ನಿಧಾನವಾಗಿ ಕೊಳೆಸಿ ಹಸುವಿಗೆ ಬಲ ಕೊಡುತ್ತವೆ. ಬೆಂದ ಅನ್ನ ಒಮ್ಮೆಗೇ ರಾಶಿ ಬಿದ್ದರೆ ಕೆಲವೇ ಗಂಟೆಗಳಲ್ಲಿ ಹುಳಿ ಬಂದು ಆಸಿಡ್ ಆಗುತ್ತದೆ. ಆ ಜೀವಿಗಳು ಸಾಯುತ್ತವೆ, ಆಸಿಡ್ ರಕ್ತಕ್ಕೆ ಇಳಿಯುತ್ತದೆ. ಇದನ್ನೇ ಅಸಿಡೋಸಿಸ್ ಎನ್ನುತ್ತೇವೆ. ಮದುವೆ ಮನೆಯ ಎಂಜಲು ತಿಂದ ಹಸುಗಳನ್ನು ನಾನು ಎಷ್ಟೋ ನೋಡಿದ್ದೆ.

ಆ ಮಾಟ್ಟು ಪೊಂಗಲ್ ದಿನ ನಾನು ರಜೆ ಹಾಕಿ ಗುಮ್ಮಳಾಪುರದಲ್ಲಿ ಅಣ್ಣನ ಮನೆಯಲ್ಲಿದ್ದೆ. ಹೋಳಿಗೆ ತಟ್ಟುತ್ತಿರುವಾಗ ಮುನಿರತ್ನಮ್ಮನ ಫೋನು.

"ಡಾಕ್ಟ್ರಮ್ಮ, ರೆಸಾರ್ಟಿಂದ ಕಲಗಚ್ಚು ಬಂದೈತೆ. ಅನ್ನ ಜಾಸ್ತಿ ಇದ್ದಂಗದೆ. ಕೊಡ್ಲಾ?"

"ಕಲಗಚ್ಚು ತಾನೇ, ಕೊಡಮ್ಮ. ಹಬ್ಬದ ದಿನಾನೂ ನನ್ನ ಬಿಡಲ್ವಲ್ಲ ನೀನು!" ಎಂದು ತಮಾಷೆ ಮಾಡಿ ಇಟ್ಟೆ. ಕೈಗೆ ಎಣ್ಣೆ ಹತ್ತಿತ್ತು. ಎಷ್ಟು ಬಂದಿದೆ ಎಂದು ನಾನು ಕೇಳಲಿಲ್ಲ.

ಬಂದದ್ದು ಐದು ಡ್ರಮ್ಮು. ರೆಸಾರ್ಟ್ ತುಂಬಿ ತುಳುಕುತ್ತಿತ್ತು. ಹಿಂದಿನ ರಾತ್ರಿಯ ಬಫೆ, ಅವತ್ತಿನ ತಿಂಡಿ, ಎರಡರಲ್ಲೂ ಅರ್ಧ ಮಿಕ್ಕಿತ್ತು. ಬಿಳಿ ಅನ್ನ, ಪೊಂಗಲ್, ಪೂರಿ, ಕೇಕು, ಜಾಮೂನು. ಎರಡು ಡ್ರಮ್ಮನ್ನು ಮುನಿರತ್ನಮ್ಮ ಬಾನಿಗೆ ಸುರಿದಳು. ಆಮೇಲೆ ರೆಸಾರ್ಟಿನ ಅತಿಥಿಗಳು ಮಕ್ಕಳನ್ನು ಕರೆದುಕೊಂಡು ಬಂದರು. ಊರಿನ ಹಬ್ಬ ತೋರಿಸುವುದೂ ಅವರ ಪ್ಯಾಕೇಜಿನಲ್ಲಿತ್ತು. ಎಲ್ಲರೂ ಸಾಲಾಗಿ ನಿಂತು ಉಳಿದ ಡ್ರಮ್ಮುಗಳಿಂದ ಅನ್ನ ತೆಗೆದು ಹಸುಗಳ ಬಾಯಿಗಿಟ್ಟರು, ಫೋಟೊ ಹೊಡೆದುಕೊಂಡರು, ಕೈಮುಗಿದರು. ಯಾರಿಗೂ ಕೆಟ್ಟ ಬುದ್ಧಿ ಇರಲಿಲ್ಲ, ಅದನ್ನು ನಾನು ಇವತ್ತಿಗೂ ಹೇಳುತ್ತೇನೆ.

ರಾತ್ರಿಯೇ ನಾನು ಡಿಸ್ಪೆನ್ಸರಿಯ ಊರಿಗೆ ವಾಪಸಾಗಿದ್ದೆ. ಮಾರನೆಯ ಬೆಳಿಗ್ಗೆ ಏಳಕ್ಕೆ ಮತ್ತೆ ಮುನಿರತ್ನಮ್ಮನ ಫೋನು. ಚುಕ್ಕಿ ಏಳುತ್ತಿಲ್ಲ ಎಂದಳು. ನಮ್ಮ ಅಟೆಂಡರ್ ಮಾದಪ್ಪನನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಹೋದೆ. ಚುಕ್ಕಿ ಮಲಗಿತ್ತು, ತಲೆ ಪಕ್ಕೆಗೆ ತಿರುಗಿಸಿಕೊಂಡು ಹಲ್ಲು ಕಡಿಯುತ್ತಿತ್ತು. ಕಣ್ಣು ಒಳಕ್ಕೆ ಹೋಗಿತ್ತು. ಕಿವಿ ತಣ್ಣಗೆ. ಜ್ವರದ ಕಡ್ಡಿ ತೊಂಬತ್ತೆಂಟಕ್ಕಿಂತ ಮೇಲೆ ಏರಲಿಲ್ಲ, ನೂರೊಂದರ ಮೇಲಿರಬೇಕಿತ್ತು. ಎಡ ಪಕ್ಕೆ ಒತ್ತಿದರೆ ಬಿಂದಿಗೆಯ ನೀರಿನಂತೆ ಕುಲುಕಿತು. ಹೊಟ್ಟೆಯ ರಸ ತೆಗೆದು ಬಣ್ಣದ ಕಾಗದ ಅದ್ದಿದೆ. ಆರರ ಮೇಲೆ ಇರಬೇಕಾದ ಪಿಎಚ್ ನಾಲ್ಕೂವರೆಗೆ ಬಂದಿತ್ತು. ಕೆಂಚಿ ನಿಂತಿತ್ತು, ಕಾಲು ತಡವರಿಸುತ್ತಿತ್ತು.

"ಏನ್ ಇಕ್ಕಿದ್ಯೇ? ಎಷ್ಟು ಇಕ್ಕಿದ್ಯೇ? ತಲೇಲಿ ಏನ್ ತುಂಬ್ಕೊಂಡಿದ್ದೆ?" ಎಂದು ಕೂಗಿದೆ. ಅಭ್ಯಾಸಬಲ.

ಅವಳು ಮೂಲೆಯಲ್ಲಿದ್ದ ಖಾಲಿ ಡ್ರಮ್ಮುಗಳನ್ನು ತೋರಿಸಿದಳು. "ಕೇಳ್ದೆನಲ್ಲ ಡಾಕ್ಟ್ರಮ್ಮ. ನೀವೇ ಕೊಡು ಅಂದ್ರಿ."

ನಾನು ಐದನ್ನೂ ಎಣಿಸಿದೆ.

ಎರಡನ್ನೂ ಉಳಿಸುವ ಕಾಲ ಮೀರಿತ್ತು. ಚುಕ್ಕಿಗೆ ಸೋಡಾ ಬೈಕಾರ್ಬನೇಟಿನ ಬಾಟಲಿ ನರಕ್ಕೆ ಏರಿಸಿ, ನಿಂತಿದ್ದ ಕೆಂಚಿಗೆ ರೂಮೆನೋಟಮಿ ಮಾಡಲು ನಿರ್ಧರಿಸಿದೆ. ಎಂದರೆ ಎಡ ಪಕ್ಕೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಚರ್ಮ ಕೊಯ್ದು, ಹೊಟ್ಟೆ ತೆರೆದು, ಒಳಗಿನದನ್ನು ಕೈಯಿಂದ ಬಾಚಿ ತೆಗೆಯುವುದು. ಗಬ್ಬದ ಹಸುವಿಗೆ ಅದು ಅಪಾಯ, ಮಾಡದಿದ್ದರೆ ಸಾವು. ಮಾದಪ್ಪ ಬಕೆಟ್ ಹಿಡಿದ. ನಾನು ತೋಳಿನವರೆಗೆ ಕೈ ಹಾಕಿ ತೆಗೆದೆ. ಅನ್ನ, ಅನ್ನ, ಅನ್ನ. ಹುಳಿ ವಾಸನೆಗೆ ಕಣ್ಣಲ್ಲಿ ನೀರು ಬಂತು. ಒಂಬತ್ತನೆಯ ಬಕೆಟ್ಟಿನಲ್ಲಿ ಒಂದು ಪೇಪರ್ ನ್ಯಾಪ್ಕಿನ್ ಸಿಕ್ಕಿತು. ಅದರ ಮೇಲೆ ರೆಸಾರ್ಟಿನ ಹಸಿರು ಎಲೆಯ ಗುರುತು ಇನ್ನೂ ಅಳಿಸಿರಲಿಲ್ಲ.

"ಅಮ್ಮಾ, ಇದನ್ನೂ ಬರ್ಕೊಳಿ ರಿಪೋರ್ಟಾಗೆ" ಎಂದ ಮಾದಪ್ಪ. ಯಾವಾಗಲೂ ನಗಿಸುವ ಮನುಷ್ಯ, ಅವತ್ತು ನಗಲಿಲ್ಲ.

ಪಕ್ಕದ ಮನೆಯ ಆರೋಗ್ಯವಂತ ಹಸುವಿನ ಬಾಯಿಂದ ಮೆಲುಕು ತೆಗೆದು ಕೆಂಚಿಯ ಹೊಟ್ಟೆಗೆ ಹಾಕಿ ಹೊಲಿದೆ. ಸತ್ತ ಜೀವಿಗಳ ಜಾಗಕ್ಕೆ ಹೊಸವು ಬೇಕಲ್ಲ. ಕೊನೆಯ ಹೊಲಿಗೆ ಹಾಕುವಾಗ ಹಿಂದೆ ಮುನಿರತ್ನಮ್ಮ ಚೀರಿದಳು. ಚುಕ್ಕಿ ಕಾಲು ಚಾಚಿ ಪ್ರಾಣ ಬಿಟ್ಟಿತ್ತು. ವೆಂಕಟೇಶ ಶಿಫ್ಟ್ ಮುಗಿಸಿ ಫ್ಯಾಕ್ಟರಿಯ ಬಟ್ಟೆಯಲ್ಲೇ ಬಾಗಿಲಲ್ಲಿ ನಿಂತಿದ್ದ. ಬೈಯುತ್ತಾನೆ ಅಂದುಕೊಂಡೆ. "ಏಳು, ಏಳೇ, ನೀನೇನ್ ಮಾಡ್ದೆ" ಎಂದು ಅವಳ ತೋಳು ಹಿಡಿದು ಎಬ್ಬಿಸಿದ. ನನ್ನ ಕಡೆ ನೋಡಲಿಲ್ಲ.

ನಾಲ್ಕನೆಯ ದಿನ ಕೆಂಚಿ ಸತ್ತ ಕರು ಹಾಕಿತು. ಹೆಣ್ಣು ಕರು. ಕೆಂಚಿ ಬದುಕಿತು, ಆದರೆ ಆಸಿಡ್ ಗೊರಸಿಗೆ ಇಳಿದು ನಾಲ್ಕು ಕಾಲಿಗೂ ನೋವು ಹಿಡಿಯಿತು. ಮುಂದೆಂದೂ ಅದು ಸರಿಯಾಗಿ ನಡೆಯಲಿಲ್ಲ, ಹಾಲೂ ಕೊಡಲಿಲ್ಲ.

ನಾನು ರೆಸಾರ್ಟಿಗೆ ಹೋದೆ. ರಿಸೆಪ್ಷನ್ನಿನ ಗೋಡೆಯಲ್ಲಿ ನನ್ನ ಒಂದು ಸಾಲಿನ ಪತ್ರವನ್ನು ಗಾಜಿನ ಫ್ರೇಮು ಹಾಕಿಸಿ ತೂಗಿಸಿದ್ದರು. ಕೆಳಗೆ ಬರಹ: ಇಲ್ಲಿ ಒಂದು ಅಗುಳೂ ವ್ಯರ್ಥವಾಗುವುದಿಲ್ಲ. ಸೆಲ್ವಂ ಮುಖ ಬಾಡಿಸಿಕೊಂಡು, "ನೀಂಗದಾನೆ ಮೇಡಂ ಎಳುದಿ ಕುಡುತ್ತೀಂಗ" ಎಂದ. ನೀವೇ ತಾನೇ ಬರೆದುಕೊಟ್ಟದ್ದು ಎಂದು. ಹೌದು, ನಾನೇ. ಅಷ್ಟೊಂದು ಯಾಕಪ್ಪ ಬೇಯಿಸುತ್ತೀರಿ ಎಂದು ಕೇಳಿದೆ. ಬಫೆಯ ಪಾತ್ರೆ ಖಾಲಿ ಕಂಡರೆ ಬಂದವರು ಬೇಜಾರು ಮಾಡಿಕೊಳ್ಳುತ್ತಾರೆ, ಮಿಕ್ಕದ್ದು ಹಸುವಿಗೆ ಹೋಗುತ್ತದೆ ಎಂದಮೇಲೆ ಯಾರಿಗೂ ಚಿಂತೆಯಿಲ್ಲ ಎಂದ. ಅವನು ಸುಳ್ಳು ಹೇಳಲಿಲ್ಲ. ಆ ಚಿಂತೆ ತಪ್ಪಿಸಿದ್ದು ನನ್ನ ಕಾಗದ. ಫ್ರೇಮು ಇಳಿಸಿ ಕಂಕುಳಲ್ಲಿಟ್ಟುಕೊಂಡು ಬಂದೆ. ಪೋಸ್ಟ್‌ಮಾರ್ಟಂ ವರದಿಯಲ್ಲಿ ಸಾವಿನ ಕಾರಣದ ಕೆಳಗೆ, ಅಳತೆ ಸೂಚಿಸದ ನನ್ನ ಪತ್ರವೂ ನನ್ನ ಫೋನಿನ ಮಾತೂ ಕಾರಣ ಎಂದು ತಮಿಳಿನಲ್ಲಿ ಬರೆದೆ. ಮೇಲಧಿಕಾರಿ ಅದನ್ನು ಓದಿ, ಇದೆಲ್ಲ ಯಾಕಮ್ಮ ಬರೆಯಲು ಹೋದಿರಿ ಎಂದರು. ಅಷ್ಟೇ. ಮುನಿರತ್ನಮ್ಮನ ಕೊಟ್ಟಿಗೆ ಅದರಿಂದ ತುಂಬಲಿಲ್ಲ.

ಈಗ ನಿವೃತ್ತಳಾಗಿ ನಾನೂ ಪ್ರವಾಸ ಹೋಗುತ್ತೇನೆ. ಬಾಗಿಲಲ್ಲಿ ಹಸಿರು ಎಲೆಯ ಗುರುತು ಹಾಕಿಕೊಂಡ ಜಾಗಗಳಲ್ಲಿ ಇಳಿದರೆ ಮೊದಲು ಅಡುಗೆಮನೆಗೆ ಹೋಗಿ, ನಿನ್ನೆ ಎಷ್ಟು ಮಿಕ್ಕಿತು, ಯಾರಿಗೆ ಕೊಟ್ಟಿರಿ, ಅವರ ಹತ್ತಿರ ಎಷ್ಟು ಹಸುವಿದೆ ಎಂದು ಕೇಳುತ್ತೇನೆ. "ಅತ್ತೆ, ಸುಮ್ನೆ ಊಟ ಮಾಡ್ಬಾರ್ದಾ" ಎಂದು ಅಣ್ಣನ ಸೊಸೆ ನಾಚಿಕೊಳ್ಳುತ್ತಾಳೆ. ಇರಲಿ. ಐದು ಜನರ ಮನೆಯ ಒಳ್ಳೆಯ ಪದ್ಧತಿ ನೂರೈವತ್ತು ಜನ ಬಂದಿಳಿದಾಗ ಒಳ್ಳೆಯದಾಗಿಯೇ ಉಳಿಯುತ್ತದೆ ಎಂದು ಒಮ್ಮೆ ನಂಬಿ ಕೆಟ್ಟಿದ್ದೇನೆ.

ನಿವೃತ್ತಿಯ ಹಿಂದಿನ ವಾರ ಬೆಳಿಗ್ಗೆ ಉದ್ದನಪಲ್ಲಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಫ್ಯಾಕ್ಟರಿ ಬಸ್ಸು ಬಂದು ನಿಂತಿತು. ಕಿಟಕಿಯಲ್ಲಿ ಮುನಿರತ್ನಮ್ಮ, ಕೊರಳಲ್ಲಿ ಗುರುತಿನ ಕಾರ್ಡು. ನಾನು ಮುಖ ತಿರುಗಿಸಬೇಕೆಂದಿದ್ದೆ, ಅವಳೇ ಕರೆದಳು.

"ಚೆನ್ನಾಗಿದ್ದೀರಾ ಡಾಕ್ಟ್ರಮ್ಮ? ನಮ್ ಕ್ಯಾಂಟೀನಾಗೂ ದಿನಾ ಅನ್ನ ಮಿಕ್ತದೆ. ಯಾರೋ ಗಾಡಿ ತಂದು ಹಸುಗೆ ಅಂತ ತುಂಬ್ಕೊಂಡು ಹೋಯ್ತಾರೆ. ಎಷ್ಟು ಹಸು ಐತಪ್ಪ ನಿನ್ತಾವ ಅಂತ ನಾನು ದಿನಾ ಕೇಳ್ತೀನಿ. ನನ್ನ ಹುಚ್ಚಿ ಅಂತಾರೆ."

ಬಸ್ಸು ಹೊರಟಿತು. ಮೂವತ್ತು ವರ್ಷ ಸೀಲು ಒತ್ತಿದ ನಾನು ಕೇಳದ ಪ್ರಶ್ನೆಯನ್ನು ಅವಳು ಕ್ಯಾಂಟೀನಿನ ಬಾಗಿಲಲ್ಲಿ ನಿಂತು ದಿನಾ ಕೇಳುತ್ತಿದ್ದಾಳೆ. ನಾನೂ ಈಗ ಕೇಳಲು ಕಲಿತಿದ್ದೇನೆ, ಆದರೆ ಕಲಿತದ್ದು ಅವಳ ಹಸುಗಳನ್ನು ಕಳೆದು.