ಗೋಡೆ ನೋಡು ಎಂದವರು

ನಮ್ಮ ಸಾರ್‌ಗೆ ಎಡಗಣ್ಣಿನ ಮೇಲೆ ಅರ್ಧ ಹುಬ್ಬು ಮಾತ್ರ ಇತ್ತು. ಮೂಗಿನ ಕಡೆಯ ಅರ್ಧ ದಟ್ಟವಾಗಿ ನರೆತು ನಿಂತಿದ್ದರೆ ಕಿವಿಯ ಕಡೆಯ ಅರ್ಧ ಸುಟ್ಟು ಬೋಳಾಗಿತ್ತು. ಅಲ್ಲಿ ಕೂದಲು ಬರುತ್ತಿರಲಿಲ್ಲ ಎಂದಲ್ಲ, ಬಂದದ್ದನ್ನು ಅವರು ಉಳಿಯಗೊಡುತ್ತಿರಲಿಲ್ಲ. ಒಲೆ ಹೊತ್ತಿದ ಕೂಡಲೇ ತಲೆಯನ್ನು ಎಡಕ್ಕೆ ವಾಲಿಸಿ, ಬಾವಿಗೆ ಬಿದ್ದ ಕೊಡ ಹುಡುಕುವವರ ಹಾಗೆ ಅದರೊಳಗೆ ಇಣುಕುವುದು ಅವರ ಚಾಳಿ. ಹದಿನೈದು ದಿನಕ್ಕೊಮ್ಮೆಯಾದರೂ ಚುರ್ರೆಂದು ಕೂದಲು ಸುಟ್ಟ ವಾಸನೆ ಬರುತ್ತಿತ್ತು. "ಹೋಯ್ತಾ?" ಎಂದು ನನ್ನನ್ನು ಕೇಳುತ್ತಿದ್ದರು. "ಹೋಯ್ತು ಸಾರ್" ಎಂದರೆ, "ಹೋಗ್ಲಿ ಬಿಡು, ಬಲಗಡೆದು ಇದೆಯಲ್ಲ" ಎಂದು ಮತ್ತೆ ಇಣುಕುತ್ತಿದ್ದರು.

ಅವರು ಮೈಸೂರಿನ ಕಡೆಯವರು. ತಿರುವನಂತಪುರದ ಕೇಂದ್ರ ಸರ್ಕಾರದ ಸಂಸ್ಥೆಯೊಂದಕ್ಕೆ ಎಂಜಿನಿಯರಾಗಿ ಬಂದು, ಮೂವತ್ತು ವರ್ಷ ದುಡಿದು, ನಿವೃತ್ತರಾದ ಮೇಲೂ ಅಲ್ಲೇ ಉಳಿದು, ಮನೆಯ ಹಿಂದಿನ ಶೆಡ್ಡಿನಲ್ಲಿ ಒಲೆ ಮಾಡುತ್ತಾ ಕೂತಿದ್ದರು. ಒಂದು ಟ್ರಸ್ಟು ಅವರಿಗೆ ಸಹಾಯ ಕೊಡುತ್ತಿತ್ತು. ಮೂವತ್ತು ವರ್ಷದಲ್ಲಿ ಅವರು ಕಲಿತ ಮಲಯಾಳ ಬಸ್ಸಿಳಿಯುವುದಕ್ಕೆ ಮತ್ತು ಮೀನಿನವನನ್ನು ಬೇಡವೆಂದು ಕಳಿಸುವುದಕ್ಕೆ ಸಾಕಾಗುತ್ತಿತ್ತು, ಅಷ್ಟೆ. ಅಡುಗೆಮನೆಗಳಿಗೆ ಹೋಗಿ ಹೆಂಗಸರ ಹತ್ತಿರ ಮಾತಾಡಲು ಎರಡೂ ಭಾಷೆ ಬಲ್ಲವರೊಬ್ಬರು ಬೇಕಾಗಿತ್ತು. ನಾನು ಕಾಸರಗೋಡಿನವಳು. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಾ ತಿರುವನಂತಪುರದ ಚಿಕ್ಕಮ್ಮನ ಮನೆಯಲ್ಲಿದ್ದೆ. ಎರಡು ಸಾವಿರದ ಐದರ ಮಾತು.

"ಏನೇನು ಬರುತ್ತಮ್ಮ?" ಎಂದರು.

"ಕನ್ನಡ ಉಂಟು, ಮಲಯಾಳ ಉಂಟು ಸಾರ್."

"ಉಂಟು ಅಂತೀಯಲ್ಲ, ಒಳ್ಳೆ ಶಾಸನ ಓದಿದ ಹಾಗಿದೆ. ನಾಳೆಯಿಂದ ಬಾ."

ಆ ಒಲೆ ನೋಡುವುದಕ್ಕೆ ಏನೂ ಇರಲಿಲ್ಲ. ಹಾಲಿನ ಕ್ಯಾನಿನಷ್ಟು ಎತ್ತರದ ಉಕ್ಕಿನ ಡಬ್ಬ, ತಳದಲ್ಲಿ ಬ್ಯಾಟರಿಯಿಂದ ತಿರುಗುವ ಅಂಗೈಯಗಲದ ಫ್ಯಾನು, ಗಾಳಿ ಹೆಚ್ಚು ಕಡಿಮೆ ಮಾಡಲು ಒಂದು ತಿರುಪು. ಅದಕ್ಕೆ ಸೌದೆ ಹಾಕುವಂತಿಲ್ಲ. ಮರದ ಹೊಟ್ಟನ್ನು ಯಂತ್ರದಲ್ಲಿ ಒತ್ತಿ ಮಾಡಿದ, ಕಿರುಬೆರಳಿನಂಥ ಪೆಲೆಟ್‌ಗಳನ್ನು ತುಂಬಬೇಕು. ಹೆಂಗಸರು ಅದಕ್ಕೆ ಗುಳಿಗೆ ಒಲೆ ಎಂದು ಹೆಸರಿಟ್ಟಿದ್ದರು. "ಬೆಂಕಿ ಇಲ್ಲದೆ ಹೊಗೆ ಇಲ್ಲ ಅಂತ ಗಾದೆ ಮಾಡಿದಾರಲ್ಲ, ಹೊಗೆ ಇಲ್ಲದ ಬೆಂಕೀನೂ ಇದೆ ಅಂತ ನಾನು ತೋರಿಸ್ತೀನಿ" ಎಂದು ಸಾರ್ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ಮೊದಲ ಮೂರು ತಿಂಗಳು ನನಗೆ ಬೇರೆ ಕೆಲಸವೇ ಕೊಡಲಿಲ್ಲ. ಕೂತು ಬೆಂಕಿ ನೋಡು ಎಂದರು. ಪೆಲೆಟ್ ಮುರಿದರೆ ಸೀಮೆಸುಣ್ಣದಂತೆ ಟಕ್ಕೆನ್ನಬೇಕು, ಬೆರಳಲ್ಲೇ ಪುಡಿಯಾದರೆ ತೇವ ಕುಡಿದಿದೆ. ಹೊತ್ತಿಸಿದ ಮೊದಲ ಐದು ನಿಮಿಷದ ಹೊಗೆಗೆ ಮಾಫಿ, ಆಮೇಲಿನದಕ್ಕಿಲ್ಲ. ಸರಿಯಾದ ಉರಿ ಗಿಡ್ಡಗೆ, ಅಂಚಿನ ತೂತುಗಳಿಂದ ಹೊರಟು ನಡುವಿಗೆ ಬಾಗುತ್ತದೆ. ಉದ್ದನೆಯ, ಸೋಮಾರಿಯಾದ, ತುದಿ ಕಪ್ಪಾದ ಕೆಂಪು ಉರಿ ಎಂದರೆ ಅದು ಉಸಿರು ಸಿಗದ ಬೆಂಕಿ. ಕೊನೆಗೆ ಉಳಿಯುವ ಬೂದಿ ಬೆಳ್ಳಗಿರಬೇಕು. ಹೀಗೆ ಒಂದೊಂದಾಗಿ ಕಲಿಸಿದರು. ನಾನು ತಪ್ಪು ಹೇಳಿದರೆ ಗದರುತ್ತಿರಲಿಲ್ಲ, ಒಲೆ ಆರಿಸಿ ಮತ್ತೆ ಹೊತ್ತಿಸುತ್ತಿದ್ದರು. ಅವರ ಹೆಂಡತಿ ಅಡುಗೆಮನೆಯ ಕಿಟಕಿಯಿಂದಲೇ ನಮ್ಮಿಬ್ಬರಿಗೂ ಮಜ್ಜಿಗೆ ಚಾಚುತ್ತಿದ್ದರು.

ಕೊನೆಯ ಪಾಠ ಪಾತ್ರೆಯದ್ದು. ಸೌದೆ ಒಲೆಯ ಮೇಲೆ ಅಡುಗೆ ಮಾಡುವ ನಮ್ಮ ಹೆಂಗಸರಿಗೆ ಒಂದು ಉಪಾಯ ಗೊತ್ತಿದೆ. ಪಾತ್ರೆ ಇಡುವ ಮೊದಲು ಅದರ ತಳಕ್ಕೆ ಹೊರಗಿನಿಂದ ಒದ್ದೆ ಬೂದಿಯನ್ನೋ ಮಣ್ಣನ್ನೋ ಬಳಿಯುತ್ತಾರೆ. ಮಸಿಯೆಲ್ಲ ಆ ಬೂದಿಗೆ ಹತ್ತುತ್ತದೆ, ತೊಳೆದರೆ ಎರಡೂ ಒಟ್ಟಿಗೆ ಹೋಗಿ ತಳ ಫಳಫಳ ಎನ್ನುತ್ತದೆ. "ಅದಕ್ಕೇ ಪಾತ್ರೆ ನೋಡಿ ಮೋಸ ಹೋಗಬೇಡ. ಅದು ಮುಖ ತೊಳ್ಕೊಂಡು ಬಂದು ನಿಂತಿರುತ್ತೆ. ಗೋಡೆ ನೋಡು. ಗೋಡೆಗೆ ಯಾರೂ ಬೂದಿ ಬಳಿಯಲ್ಲ" ಎಂದರು. ಹಳೆಯ ಪಂಚೆಯನ್ನು ಚೌಕವಾಗಿ ಕತ್ತರಿಸಿ ಒಂದು ಕಟ್ಟು ಬಟ್ಟೆ ಕೊಟ್ಟರು. ಒದ್ದೆ ಮಾಡಿ ಒಲೆಯ ಹಿಂದಿನ ಗೋಡೆ ಒರೆಸಬೇಕು, ಬಟ್ಟೆ ಹೇಳಿದ್ದನ್ನು ಬರೆದುಕೊಳ್ಳಬೇಕು.

ಅವರು ಎಂಥ ಮನುಷ್ಯರೆಂದು ನಾನು ತಿಳಿದಿದ್ದೆನೋ ಅದನ್ನೂ ಹೇಳಿಬಿಡುತ್ತೇನೆ. ಒಮ್ಮೆ ಊರಾಚೆಯ ಮನೆಯೊಂದರಲ್ಲಿ ಹತ್ತಾರು ಹೆಂಗಸರ ಮುಂದೆ ಒಲೆ ಹೊತ್ತಿಸಿದಾಗ ಅದು ಗುಡ್ಡೆಗಟ್ಟಲೆ ಹೊಗೆ ಕಾರಿತು. ಸಾರ್ ಎದ್ದು ನಿಂತು, "ಇವತ್ತು ನನ್ನ ಒಲೆ ಫೇಲ್ ಆಗಿದೆ ಅಂತ ಹೇಳು" ಎಂದರು. ನಾನು ಮಲಯಾಳದಲ್ಲಿ, ಸ್ವಲ್ಪ ತೊಂದರೆಯಾಗಿದೆ ಎಂದು ನಯವಾಗಿ ಹೇಳಿದೆ. ಅವರು ಹೆಂಗಸರ ಮುಖ ನೋಡಿಯೇ ಕಂಡುಹಿಡಿದರು. "ನಾನು ಹೇಳಿದ್ದು ನೀನು ಹೇಳಲಿಲ್ಲ. ಫೇಲ್ ಅನ್ನು." ನಾನು ಫೇಲ್ ಎಂದೆ. ಹೆಂಗಸರು ನಕ್ಕರು, ಚಹಾ ಕೊಟ್ಟರು. ಅಂದು ಮನೆಗೆ ಹೋಗಿ ಚಿಕ್ಕಮ್ಮನ ಹತ್ತಿರ, ಇಂಥವರ ಕೈಕೆಳಗೆ ಸಂಬಳವಿಲ್ಲದೆಯೂ ದುಡಿಯಬಹುದು ಎಂದೆ.

ಪ್ರತಿ ಮನೆಯಲ್ಲೂ ಅವರದೊಂದು ಮಾತು ಇರುತ್ತಿತ್ತು. "ನಮ್ಮ ಮನೇಲಿ ಎಂಟು ವರ್ಷದಿಂದ ಇದೇ ಒಲೆ, ನಮ್ಮ ಹೆಂಗಸರು ಬೇರೆ ಮುಟ್ಟಲ್ಲ ಅಂತ ಹೇಳು" ಎನ್ನುತ್ತಿದ್ದರು. ಅದನ್ನು ಮಲಯಾಳಕ್ಕೆ ತಿರುಗಿಸಿ ತಿರುಗಿಸಿ ನನಗೆ ಬಾಯಿಪಾಠವಾಗಿತ್ತು.

ಮರುವರ್ಷದ ಮಳೆಗಾಲಕ್ಕೆ ಕೊಚ್ಚಿಯ ಒಂದು ಮೆಸ್ಸಿನಲ್ಲಿ ಒಲೆಯ ಪರೀಕ್ಷೆ ಎಂದಾಯಿತು. ಅದರ ವರದಿ ನೋಡಿ ಟ್ರಸ್ಟಿನವರು ಒಲೆಯನ್ನು ಊರೂರಿಗೆ ಕೊಡುವುದೋ, ಅಲ್ಲಿಗೇ ಕೈಬಿಡುವುದೋ ತೀರ್ಮಾನಿಸುವವರಿದ್ದರು. ಅಲ್ಲಿನ ಕಲೂರು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಪುತ್ತೂರಿನ ಕಡೆಯ ಅಕ್ಕ ಒಬ್ಬರು ಮೆಸ್ ನಡೆಸುತ್ತಿದ್ದರು. ಕಂಪ್ಯೂಟರ್ ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡದ ಹುಡುಗ ಹುಡುಗಿಯರು ಸಾರು ಅನ್ನಕ್ಕೆ ಅಲ್ಲಿಗೆ ಬರುತ್ತಿದ್ದರು. ಅಕ್ಕ ಹಿತ್ತಲಿನ ತಗಡಿನ ಮಾಡಿನ ಕೆಳಗೆ, ಗಾಳಿಗೆ, ಸೌದೆಯಲ್ಲಿ ಅಡುಗೆ ಮಾಡುತ್ತಿದ್ದರು. ನಮ್ಮ ಎರಡು ಒಲೆಗಳನ್ನು ಒಳಗೆ ಅಡುಗೆಮನೆಯಲ್ಲಿ ಇಡಬೇಕು ಎಂದಾಗ ಹಿಂದೆ ಸರಿದರು.

"ನನಗೆ ಉಬ್ಬಸ ಉಂಟು ಮಾರಾಯ್ತಿ. ಒಳಗೆ ಹೊಗೆ ಆದ್ರೆ ನಾನು ಸೀದಾ ಮೇಲೆ ಹೋಗುದು."

"ಇದರಲ್ಲಿ ಹೊಗೆ ಇಲ್ಲ ಅಕ್ಕ. ನನ್ನ ಮಾತು ನಂಬಿ. ಹೊಗೆ ಬಂದ್ರೆ ನಾನೇ ಹೊತ್ಕೊಂಡು ಹೋಗ್ತೇನೆ."

ಅಕ್ಕ ನನ್ನ ಮುಖವನ್ನೇ ನೋಡಿ, ಆಯ್ತು ಎಂದರು. ಅವರಿಗೆ ಉಬ್ಬಸವಿದೆ ಎಂದು ವರದಿಯ ಮೊದಲ ಪುಟದಲ್ಲೇ ಬರೆದೆ.

ಅಲ್ಲಿ ಕನ್ನಡವೇ ನಡೆಯುತ್ತದೆಂದು, ಒಲೆ ಬಳಸುವುದನ್ನು ಕಲಿಸಲು ಸಾರ್ ಒಬ್ಬರೇ ಹೋಗಿ ಬಂದರು. ಆಮೇಲೆ ತಿಂಗಳಿಗೊಮ್ಮೆ ನಾನು ರೈಲಿನಲ್ಲಿ ಹೋಗಿ ನೋಡಿ ಬರಬೇಕಾಗಿತ್ತು. ಸಾರ್ ಕೊಟ್ಟ ಹೊಸ ಫಾರಮ್ಮಿನಲ್ಲಿ ಪಾತ್ರೆಯ ತಳಕ್ಕೆ ಕಾಲಮ್ ಇತ್ತು, ಗೋಡೆಗಿರಲಿಲ್ಲ. ಕೇಳಿದೆ. "ಬಾಡಿಗೆ ಮನೆ ಗೋಡೆ ಕಣಮ್ಮ, ಹಿಂದಿನವರ ಮಸಿ ಇರುತ್ತೆ, ಲೆಕ್ಕಕ್ಕೆ ಬರಲ್ಲ. ಮಧ್ಯಾಹ್ನ ಮೂರು ಗಂಟೆಗೆ ಹೋಗು, ಊಟದ ಹೊತ್ತಲ್ಲಿ ತೊಂದರೆ ಕೊಡಬೇಡ" ಎಂದರು. ಹೂಂ ಎಂದೆ. ಗುರುಗಳು ಹೇಳಿದ ಮೇಲೆ ಶಿಷ್ಯೆಗೆ ಬುದ್ಧಿ ಯಾಕೆ? ಮೂರು ತಿಂಗಳು ಮೂರು ಗಂಟೆಗೆ ಹೋದೆ. ಒಲೆ ಆರಿರುತ್ತಿತ್ತು, ಪಾತ್ರೆಗಳು ಬೋರಲಾಗಿ ಫಳಫಳ ಎನ್ನುತ್ತಿದ್ದವು. ಅಕ್ಕ ಕೆಮ್ಮುತ್ತಿದ್ದರು. "ಮಳೆಯದ್ದು" ಎನ್ನುತ್ತಿದ್ದರು. ನಾನು 'ಸ್ವಚ್ಛ' ಎಂದು ಬರೆದು, ಕೆಳಗೆ ಸಹಿ ಹಾಕಿ, ಅಕ್ಕ ಕೊಟ್ಟ ಚಹಾ ಕುಡಿದು ಬರುತ್ತಿದ್ದೆ.

ನಾಲ್ಕನೇ ತಿಂಗಳು ನಾನು ಹೋಗಬೇಕಾದ ದಿನ ಹರತಾಳ ಎಂದು ಘೋಷಣೆಯಾಯಿತು. ಹರತಾಳದ ದಿನ ಕೇರಳದಲ್ಲಿ ಕಾಗೆಯೂ ಯೋಚಿಸಿ ಹಾರುತ್ತದೆ. ಹಾಗಾಗಿ ಯಾರಿಗೂ ಹೇಳದೆ ಹಿಂದಿನ ದಿನವೇ ಬೆಳಗಿನ ರೈಲು ಹತ್ತಿ, ಹನ್ನೊಂದು ಗಂಟೆಗೆ ಕಲೂರು ಮುಟ್ಟಿದೆ.

ಬಾಗಿಲಲ್ಲೇ ಕಣ್ಣು ಉರಿಯಿತು. ಒಳಗೆ ಎರಡೂ ಒಲೆಗಳು ಹೊತ್ತಿದ್ದವು. ಉದ್ದನೆಯ ಕೆಂಪು ಉರಿ, ತುದಿ ಕಪ್ಪು. ಹೊಸ ಬೀರುವಿನ ಬಾಗಿಲು ತೆಗೆದರೆ ಬರುತ್ತದಲ್ಲ, ಆ ಅಂಟಿನ ಘಾಟು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ನೆಲದ ಮೇಲೆ ಕೂತು, ಸಾರಿನ ಪಾತ್ರೆಯ ತಳಕ್ಕೆ ಒದ್ದೆ ಬೂದಿ ಬಳಿಯುತ್ತಿದ್ದರು.

"ಇದೆಂತ ಮಾಡ್ತಿದ್ದೀರಿ ಅಕ್ಕ?"

"ಎಂತ ಅಂದ್ರೆ? ನಿಮ್ಮ ಸಾರ್ ಹೇಳಿದ್ದಲ್ವಾ? ಈ ಒಲೆಗೆ ಹೀಗೆ ಬಳಿದೇ ಇಡಬೇಕು, ಮಳೆ ಮುಗಿದ ಮೇಲೆ ಹೊಗೆ ನಿಲ್ತದೆ, ನೀನು ಬರುವಾಗ ತಳ ಚಂದ ಇರಬೇಕು ಅಂತ. ನಾನು ಒಂದು ದಿನ ತಪ್ಪಿಸಿದ್ದಿಲ್ಲ, ಬೇಕಾದ್ರೆ ಕೇಳು ಅವರ ಹತ್ರ."

ಬ್ಯಾಗಿನಿಂದ ಪಂಚೆಯ ತುಂಡು ತೆಗೆದು, ಒದ್ದೆ ಮಾಡಿ, ಗೋಡೆ ಒರೆಸಿದೆ. ಹಿಂದಿನವರ ಮಸಿಯಾದರೆ ಒಣಗಿ ಗಟ್ಟಿಯಾಗಿರುತ್ತದೆ, ಇದು ಎಣ್ಣೆಯ ಹಾಗೆ ಜಾರಿ ಬಂತು. ಚೀಲದಿಂದ ಒಂದು ಪೆಲೆಟ್ ತೆಗೆದು ಮುರಿದೆ. ಒಳಗೆ ಪ್ಲೈವುಡ್ಡಿನ ಹೊಟ್ಟು, ಅಂಟು ಅಂಟಾದ ಕೆಂಪು ಪದರ. ಎರಡೂ ಒಲೆ ಆರಿಸಿ, ಹಿತ್ತಲಿಗೆ ಹೊತ್ತು ಹಾಕಿದೆ. ಅಂದು ಮೆಸ್ಸಿನವರಿಗೆ ಊಟ ತಡವಾಯಿತು.

ರಾತ್ರಿಯೇ ತಿರುವನಂತಪುರಕ್ಕೆ ಮರಳಿದೆ. ಮರುದಿನ ಹರತಾಳ. ಆಟೋ ಇಲ್ಲ, ಬಸ್ಸಿಲ್ಲ. ಚಿಕ್ಕಮ್ಮನ ಮನೆಯಿಂದ ಸಾರ್ ಮನೆಗೆ ಒಂದೂವರೆ ಗಂಟೆ ನಡೆದೆ. ನಡೆಯುವಾಗೆಲ್ಲ ಅವರ ಪರವಾಗಿ ನಾನೇ ವಾದ ಮಾಡುತ್ತಿದ್ದೆ. ಪೆಲೆಟ್ ಮಾಡುವವನು ಮೋಸ ಮಾಡಿರಬೇಕು. ಅಕ್ಕನಿಗೆ ಅವರು ಹೇಳಿದ್ದು ಬೇರೆ ಏನೋ ಇರಬೇಕು. ಸಾರ್ ಶೆಡ್ಡಿನಲ್ಲಿ ಫ್ಯಾನು ಬಿಚ್ಚಿಟ್ಟುಕೊಂಡು ಕೂತಿದ್ದರು. ಆ ಬಟ್ಟೆಯನ್ನು ಅವರ ಮುಂದೆ ಹಾಕಿದೆ.

"ಗೋಡೆ ನೋಡಿದೆಯಾ?" ಎಂದರು.

"ನೋಡಿದೆ."

"ಒದ್ದೆ ಮಾಡಿ?"

"ಒದ್ದೆ ಮಾಡಿ ಸಾರ್."

"ಭೇಷ್" ಎಂದರು. ತಮಾಷೆಗಲ್ಲ. ಪಾಠ ಒಪ್ಪಿಸಿದ ಹುಡುಗಿಗೆ ಹೇಳುವ ಹಾಗೆ ನಿಜವಾಗಿಯೇ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು.

"ನಿಮಗೆ ಗೊತ್ತಿತ್ತಾ?"

"ಕಲೂರಿಗೆ ಮೊದಲ ಚೀಲ ಕಳಿಸುವಾಗಲೇ ಗೊತ್ತು. ಮರದ ಮಿಲ್ಲಿನವನು ಹೊಟ್ಟು ನಿಲ್ಲಿಸಿದ. ಸಿಕ್ಕಿದ್ದು ಇದೊಂದೇ. ಮಳೆ ಮುಗೀಲಿ, ಬದಲಾಯಿಸ್ತೀನಿ. ಈಗ ನಿಂತ್ರೆ ಮತ್ತೆ ಏಳಲ್ಲ ಕಣಮ್ಮ. ಹನ್ನೊಂದು ವರ್ಷದ ಕೆಲಸ."

"ಅಕ್ಕನಿಗೆ ಉಬ್ಬಸ ಅಂತ ಮೊದಲ ಪುಟದಲ್ಲೇ ಬರೆದಿದ್ದೆ."

"ಓದಿದ್ದೆ. ಒಂದು ನಾಲ್ಕು ತಿಂಗಳು ತಡ್ಕೊಳ್ತಾರೆ ಅಂದ್ಕೊಂಡೆ."

"ಹಾಗಾದ್ರೆ ನನ್ನನ್ನು ಯಾಕೆ ಕಳಿಸಿದ್ದು? ನೀವೇ ಬರೀಬಹುದಿತ್ತಲ್ಲ?"

ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು. "ನಾನು ಬರೆದ್ರೆ ಟ್ರಸ್ಟಿನವರು ನಂಬ್ತಾರಾ? ನೀನು ಸುಳ್ಳು ಬರೆಯೋಳಲ್ಲ ಅಂತ ಎಲ್ರಿಗೂ ಗೊತ್ತು" ಎಂದರು.

ಬೇಲಿಯೇ ಎದ್ದು ಹೊಲ ಮೇಯಿತು ಎನ್ನುತ್ತಾರಲ್ಲ, ಇದು ಅದಕ್ಕಿಂತ ಕಡೆ. ನನ್ನ ಸತ್ಯವನ್ನೇ ಅವರು ಬೂದಿಯ ಹಾಗೆ ತಳಕ್ಕೆ ಬಳಿದುಕೊಂಡಿದ್ದರು. ಅವತ್ತೇ ಟ್ರಸ್ಟಿನವರಿಗೆ ಕಾಗದ ಬರೆದೆ. ನನ್ನ ಮೂರೂ ವರದಿ ಸುಳ್ಳು ಎಂದು ನಾನೇ ಬರೆದು, ನಾನೇ ಸಹಿ ಹಾಕಿದೆ. ಒಲೆಯ ಕೆಲಸ ನಿಂತಿತು. ನಾನು ಮತ್ತೆ ಸಾರ್ ಮನೆಯ ಕಡೆ ಹೋಗಲಿಲ್ಲ.

ಹೊತ್ಕೊಂಡು ಹೋಗ್ತೇನೆ ಎಂದಿದ್ದೆನಲ್ಲ, ಒಲೆ ತರಲು ಕಲೂರಿಗೆ ಹೋದೆ. ಅಕ್ಕ ಆಸ್ಪತ್ರೆಯಲ್ಲಿ ಐದು ದಿನ ಇದ್ದು ಬಂದಿದ್ದರು. ಸಾರ್ ಮಾಡಿದ್ದನ್ನೆಲ್ಲ ಹೇಳಿ, ಅವರು ನಮ್ಮಿಬ್ಬರಿಗೂ ಮೋಸ ಮಾಡಿದರು ಎಂದು ಅತ್ತೆ. ಅಕ್ಕ ಸಮಾಧಾನ ಮಾಡಲಿಲ್ಲ.

"ಅವರು ನನಗೆ ಯಾರು?" ಎಂದರು. "ನಾನು ನಂಬಿದ್ದು ನಿನ್ನನ್ನು." ಅವತ್ತು ಚಹಾ ಕೊಡಲಿಲ್ಲ.

ಮೂರು ವರ್ಷದ ಮೇಲೆ ಸಾರ್ ತೀರಿಕೊಂಡರೆಂದು ಚಿಕ್ಕಮ್ಮ ಫೋನ್ ಮಾಡಿದಳು. ಹೋಗುವುದಿಲ್ಲ ಎಂದೆ. ಆಮೇಲೆ ಹೋದೆ. ನಡುಮನೆಯಲ್ಲಿ ಮಲಗಿಸಿದ್ದರು. ಒಂದು ಕ್ಷಣ ಬೇರೆ ಯಾರೋ ಎನ್ನಿಸಿತು. ಎಡಗಣ್ಣಿನ ಮೇಲೆ ಹುಬ್ಬು ಪೂರ್ತಿ ಬೆಳೆದಿತ್ತು. ಕೆಲಸ ನಿಂತ ಮೇಲೆ ಅವರು ಒಲೆಯೊಳಗೆ ಇಣುಕಿಯೇ ಇರಲಿಲ್ಲ ಎಂದು ಆಗ ತಿಳಿಯಿತು. ಸಿಟ್ಟೆಲ್ಲ ಅಲ್ಲೇ ಕರಗಿ ಹೋಗುವುದೇನೋ ಎಂದು ನನಗೇ ಭಯವಾಯಿತು.

ನೀರು ಕುಡಿಯಲು ಅಡುಗೆಮನೆಗೆ ಹೋದೆ. ಅಷ್ಟು ದಿನ ಅವರ ಮನೆಯ ಮಜ್ಜಿಗೆ ಕುಡಿದವಳು, ಒಳಗೆ ಕಾಲಿಟ್ಟದ್ದು ಅದೇ ಮೊದಲು. ಕಲಿತ ಚಾಳಿ ಬಿಡುತ್ತದೆಯೇ? ಇವತ್ತಿಗೂ ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ, ಅದು ಅವರು ಕೊಟ್ಟ ಕಣ್ಣು, ಆ ಋಣ ಇಲ್ಲ ಎನ್ನಲಾರೆ. ಗೋಡೆ ನೋಡಿದೆ. ಹಳೆಯ ಸುಣ್ಣದ ಗೋಡೆ, ಹಾಲಿನಂತಿತ್ತು. ಬೆರಳಾಡಿಸಿದೆ. ಏನೂ ಹತ್ತಲಿಲ್ಲ. ಎಂಟು ವರ್ಷ ಉರಿದ ಒಲೆಯ ಹಿಂದಿನ ಗೋಡೆ ಹೀಗಿದ್ದರೆ, ಸಾರ್, ನಿಮ್ಮ ಒಲೆ ನಿಜವಾಗಿಯೂ ಒಳ್ಳೆಯದೇ ಇತ್ತು, ಕೆಟ್ಟದ್ದು ಆ ಹೊಟ್ಟು ಮಾತ್ರ, ಎಂದುಕೊಂಡೆ. ಅಷ್ಟು ಹೊತ್ತೂ ಬಾರದ ಅಳು ಬಂತು.

ಹಿಂದೆ ಅವರ ಹೆಂಡತಿ ಬಂದು ನಿಂತಿದ್ದರು. "ಒಲೆ ಎಲ್ಲಿ ಇಡ್ತಿದ್ರಿ ಅಮ್ಮ, ಇಲ್ಲೇನಾ?" ಎಂದು ಕೇಳಿದೆ.

"ಆ ಒಲೆನಾ?" ಎಂದರು. "ಒಂದು ದಿನಾನೂ ಒಳಗೆ ತಂದಿಲ್ಲಮ್ಮ. ಸಿಲಿಂಡರ್ ಬಾರದೇ ಇದ್ದಾಗ ನಾನೇ ಕೇಳಿದ್ದೆ. 'ಬೇಡ, ನಿನ್ನ ಕಣ್ಣಿಗೆ ಆಗಲ್ಲ' ಅಂದ್ರು."

ನನ್ನ ಬಾಯಿಗೆ ಆ ಹಳೆಯ ಮಲಯಾಳದ ವಾಕ್ಯ ತಾನಾಗಿ ಬಂತು, ನಮ್ಮ ಮನೆಯಲ್ಲಿ ಎಂಟು ವರ್ಷದಿಂದ ಇದೇ ಒಲೆ. ಎಷ್ಟು ಅಡುಗೆಮನೆಗಳಲ್ಲಿ ಅದನ್ನು ಹೇಳಿದ್ದೆನೋ ಲೆಕ್ಕವಿಲ್ಲ. ನಲ್ಲಿ ತಿರುಗಿಸಿ, ಏನೂ ಹತ್ತದ ಬೆರಳನ್ನು ತೊಳೆದುಕೊಂಡು ಹೊರಗೆ ಬಂದೆ.